ಗ್ರಾಫಿಕ್ಸ್ ಚಿಪ್ಪಿನ ಬಿಸಿಯ ಕಥೆ: ಹಳೇ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ಇಷ್ಟು ತಿಳಿದಿರಲಿ

ಊರುಗಳಲ್ಲಿ ಈಗ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳ ಕಾಲ. ಡಿಪ್ಲೊಮಾ ಸೇರಿದ ಮಗಳಿಗೆ, ಮದುವೆ ವಿಡಿಯೋ ಎಡಿಟ್ ಮಾಡುವ ತಮ್ಮನಿಗೆ, ಗ್ರಾಮದ ಆನ್‌ಲೈನ್ ಅರ್ಜಿ ಅಂಗಡಿಗೆ ಅಂತ ಜನ ಪೇಟೆಗೆ ಹೋಗಿ ಹಳೇ ಲ್ಯಾಪ್‌ಟಾಪ್ ತರುತ್ತಾರೆ. ಕೊಡುವ ದುಡ್ಡು ಕೆಲವು ಮನೆಗಳಲ್ಲಿ ಒಂದು ಬೆಳೆಯ ಉಳಿತಾಯ. ಅದು ಆರು ತಿಂಗಳಿಗೇ ಪರದೆ ತುಂಬ ಗೆರೆ ಹೊಡೆದು ಕೂತರೆ ಆಗುವ ನೋವು ಸಣ್ಣದಲ್ಲ.

ಇಂಥ ಲ್ಯಾಪ್‌ಟಾಪ್‌ಗಳ ಬಗ್ಗೆ ಎರಡು ಪ್ರಶ್ನೆಗಳು ನಮಗೆ ಮತ್ತೆ ಮತ್ತೆ ಎದುರಾಗುತ್ತವೆ. ಒಂದು, 'ಗ್ರಾಫಿಕ್ಸ್ ಚಿಪ್ ಹೋಗಿದೆ, ಬಿಸಿ ಮಾಡಿ ಸರಿ ಮಾಡಿಕೊಡ್ತೀವಿ ಅಂತಾರೆ, ಮಾಡಿಸಬಹುದಾ?' ಇನ್ನೊಂದು, 'ಕೊಳ್ಳುವ ಮುಂಚೆ ಸ್ಟ್ರೆಸ್ ಟೆಸ್ಟ್ ಹಾಕಿ ನೋಡಿ ಅಂತಾರೆ, ಹಾಕಿದರೆ ಇರೋದೂ ಸುಟ್ಟುಹೋಗಲ್ವಾ?' ಎರಡಕ್ಕೂ ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಸುಮಾರು ಎಪ್ಪತ್ತು ವರ್ಷಗಳ ಒಂದು ಇತಿಹಾಸ. ಅದು ಅಮೆರಿಕದ ಜೆಟ್ ಎಂಜಿನ್ ಪ್ರಯೋಗಾಲಯದಲ್ಲಿ ಶುರುವಾಗಿ, ಆಟದ ಪೆಟ್ಟಿಗೆಗಳನ್ನು ಹಾದು, ಕೋರ್ಟ್ ಮೆಟ್ಟಿಲು ಹತ್ತಿ ನಮ್ಮ ಲ್ಯಾಪ್‌ಟಾಪಿನ ತನಕ ಬರುತ್ತದೆ. ಸ್ವಲ್ಪ ಉದ್ದವಿದೆ, ಬಿಡುವಾದಾಗ ಓದಿ.

ಮೊದಲು, ಈ ಚಿಪ್ ಯಾವುದು?

ಕಂಪ್ಯೂಟರಿನ ಪರದೆ ಮೇಲೆ ಚಿತ್ರ ಬಿಡಿಸುವ ಕೆಲಸಕ್ಕೇ ಮೀಸಲಾದ ಚಿಪ್ಪಿಗೆ ಜಿಪಿಯು ಅನ್ನುತ್ತಾರೆ. 1999ರಲ್ಲಿ ಅಮೆರಿಕದ ಎನ್‌ವಿಡಿಯಾ ಕಂಪನಿ ಜೀಫೋರ್ಸ್ 256 ಎಂಬ ಕಾರ್ಡ್ ಮಾರುಕಟ್ಟೆಗೆ ಬಿಟ್ಟಾಗ ಈ ಹೆಸರು ಜನಪ್ರಿಯವಾಯಿತು. ಅದಕ್ಕೂ ಹಿಂದಿನ ಎಷ್ಟೋ ಕಾರ್ಡ್‌ಗಳಿಗೆ ಫ್ಯಾನೇ ಇರಲಿಲ್ಲ. ಬರಬರುತ್ತಾ ಆಟಗಳು ದೊಡ್ಡವಾದವು, ಚಿಪ್ ತಿನ್ನುವ ಕರೆಂಟ್ ಹೆಚ್ಚಾಯಿತು. ತಿಂದ ಕರೆಂಟೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. 2003ರಲ್ಲಿ ಇದೇ ಕಂಪನಿಯ ಜೀಫೋರ್ಸ್ ಎಫ್ಎಕ್ಸ್ 5800 ಅಲ್ಟ್ರಾ ಕಾರ್ಡಿನ ಫ್ಯಾನ್ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಜನ ಅದನ್ನು ಕಸ ಗುಡಿಸುವ ಮೆಷಿನ್ನಿಗೆ ಹೋಲಿಸಿ ನಕ್ಕರು. ಕಂಪನಿಯವರೇ ಅದರ ಮೇಲೆ ಒಂದು ತಮಾಷೆ ವಿಡಿಯೋ ಮಾಡಿದರು.

ಮೇಜಿನ ಮೇಲಿಡುವ ಕಂಪ್ಯೂಟರಿನಲ್ಲಿ ಈ ಕಾರ್ಡ್ ಬೇರೆಯಾಗಿ ಸಿಕ್ಕಿಸಿರುತ್ತದೆ. ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ಲ್ಯಾಪ್‌ಟಾಪಿನಲ್ಲಿ ನಾವು ಬಾಯಿಮಾತಿಗೆ ಕಾರ್ಡ್ ಅಂದರೂ ಬಹುತೇಕ ಅದು ಮದರ್‌ಬೋರ್ಡಿಗೇ ಬೆಸೆದ ಚಿಪ್. ಕೆಟ್ಟರೆ ಬೋರ್ಡೇ ಬದಲಿಸಬೇಕು, ಇಲ್ಲವೇ ವಿಶೇಷ ಯಂತ್ರದಲ್ಲಿ ಚಿಪ್ ಕಿತ್ತು ಹೊಸದು ಕೂರಿಸಬೇಕು. ಹಾಗಾಗಿ ರಿಪೇರಿ ಖರ್ಚು ಕೆಲವೊಮ್ಮೆ ಲ್ಯಾಪ್‌ಟಾಪಿನ ಬೆಲೆಯ ಹತ್ತಿರಕ್ಕೇ ಹೋಗುತ್ತದೆ.

ಕೂದಲೆಳೆಯಷ್ಟು ಎತ್ತರದ ಬೆಸುಗೆ

ಜಿಪಿಯು ಅಂದರೆ ಒಂದು ತೆಳು ಸಿಲಿಕಾನ್ ಬಿಲ್ಲೆ. ಇದನ್ನು ಕವುಚಿ ಹಾಕಿ, ಕೆಳಗಿನ ಹಸಿರು ತುಂಡಿಗೆ ನೂರಾರು, ಸಾವಿರಾರು ಪುಟ್ಟ ಬೆಸುಗೆ ಗುಂಡುಗಳಿಂದ ಅಂಟಿಸಿರುತ್ತಾರೆ. ಕರೆಂಟ್, ಮಾಹಿತಿ ಎಲ್ಲವೂ ಓಡಾಡುವುದು ಈ ಗುಂಡುಗಳ ಮೂಲಕವೇ. ಚಿಪ್ಪನ್ನು ಕವುಚಿ ಬೆಸೆಯುವ ಈ ವಿಧಾನವನ್ನು 1960ರ ದಶಕದಲ್ಲಿ ಐಬಿಎಂ ಕಂಪನಿ ತನ್ನ ದೊಡ್ಡ ಕಂಪ್ಯೂಟರ್‌ಗಳಿಗಾಗಿ ಬೆಳೆಸಿತು. ಆ ಹಸಿರು ತುಂಡಿನ ಕೆಳಗೆ ಇನ್ನೊಂದು ಸಾಲು ದೊಡ್ಡ ಗುಂಡುಗಳಿರುತ್ತವೆ. ಅವು ಮದರ್‌ಬೋರ್ಡಿಗೆ ಅಂಟಿಕೊಳ್ಳುತ್ತವೆ. ಅಂದರೆ ಎರಡು ಮಹಡಿ ಬೆಸುಗೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಿಸಿಯಾದರೆ ವಸ್ತು ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟಿಯನ್ನು ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ ಮರದ ಗಾಲಿಗೆ ತೊಡಿಸುತ್ತಾರೆ, ಮೇಲೆ ನೀರು ಸುರಿಯುತ್ತಾರೆ. ಪಟ್ಟಿ ಕುಗ್ಗಿ ಮರವನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಆ ಕುಗ್ಗುವಿಕೆಯ ಬಲಕ್ಕೆ ಗಾಲಿಯ ಕೀಲುಗಳೆಲ್ಲ ಟಕಟಕ ಅಂತ ಸದ್ದು ಮಾಡುತ್ತವೆ. ಗಾಡಿಯಲ್ಲಿ ಆ ಬಲ ನಮಗೆ ಉಪಕಾರಿ, ಚಿಪ್ಪಿನಲ್ಲಿ ಶತ್ರು.

ಲೆಕ್ಕ ನೋಡೋಣ. ಸಿಲಿಕಾನ್ ಒಂದು ಡಿಗ್ರಿ ಬಿಸಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗುತ್ತದೆ. ಕೆಳಗಿನ ಹಸಿರು ತುಂಡು ಸುಮಾರು 15 ಪಾಲು ಹಿಗ್ಗುತ್ತದೆ, ಅಂದರೆ ಐದು ಪಟ್ಟು ಹೆಚ್ಚು. 20 ಮಿಲಿಮೀಟರ್ ಅಗಲದ ಚಿಪ್ 30 ಡಿಗ್ರಿಯಿಂದ 90 ಡಿಗ್ರಿಗೆ ಏರಿದಾಗ, ಎರಡೂ ತಡೆಯಿಲ್ಲದೆ ಹಿಗ್ಗಿದರೆ ಅಂಚಿನಲ್ಲಿ ಆಗುವ ವ್ಯತ್ಯಾಸ ಸುಮಾರು 7 ಮೈಕ್ರಾನ್. ನಮ್ಮ ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್. ಮೇಲಿನ ಮಹಡಿಯ ಬೆಸುಗೆ ಗುಂಡಿನ ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ಪುಟ್ಟ ಗುಂಡನ್ನು ಅದರ ಎತ್ತರದ ಹತ್ತರಲ್ಲೊಂದು ಪಾಲು ಪಕ್ಕಕ್ಕೆ ಎಳೆದಂತೆ. ಆರಿಸಿದಾಗ ಮತ್ತೆ ವಾಪಸ್ ಎಳೆತ. ದಿನಕ್ಕೆ ಹಲವು ಸಲ, ವರ್ಷಗಟ್ಟಲೆ.

ಈ ಎಳೆತ ಒಂದೊಂದೇ ಗುಂಡಿನ ಮೇಲೆ ಬೀಳದಿರಲಿ ಅಂತ ಚಿಪ್ಪಿನ ಅಡಿಗೆ ಒಂದು ಬಗೆಯ ಗಟ್ಟಿ ಅಂಟು ತುಂಬುತ್ತಾರೆ. ಅಂಟು ಗಟ್ಟಿಯಾಗಿರುವ ತನಕ ಭಾರವನ್ನು ಎಲ್ಲ ಗುಂಡುಗಳಿಗೂ ಹಂಚುತ್ತದೆ. ಆದರೆ ಪ್ರತಿ ಅಂಟಿಗೂ ಒಂದು ಮಿತಿಯಿದೆ. ಒಂದು ಮಟ್ಟದ ಬಿಸಿ ದಾಟಿದರೆ ಅದು ಮೆತ್ತಗಾಗುತ್ತದೆ.

ತಂತಿ ಮುರಿಯುವ ವಿದ್ಯೆ

ಕಬ್ಬಿಣದ ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ಇಲ್ಲದಾಗ ನಾವೇನು ಮಾಡುತ್ತೇವೆ? ಒಂದೇ ಜಾಗದಲ್ಲಿ ಆ ಕಡೆ ಈ ಕಡೆ ಬಗ್ಗಿಸುತ್ತೇವೆ. ಹತ್ತಿಪ್ಪತ್ತು ಸಲ ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಹೆಚ್ಚು ಬಗ್ಗಿಸಿದರೆ ಬೇಗ, ಕಮ್ಮಿ ಬಗ್ಗಿಸಿದರೆ ನಿಧಾನ.

1950ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಇಬ್ಬರು ಎಂಜಿನಿಯರ್‌ಗಳು ಇದನ್ನೇ ಲೆಕ್ಕಕ್ಕೆ ಇಳಿಸಿದರು. ಒಬ್ಬರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಲೂಯಿ ಕಾಫಿನ್. ಇನ್ನೊಬ್ಬರು ಕ್ಲೀವ್‌ಲ್ಯಾಂಡ್ ನಗರದಲ್ಲಿದ್ದ ಸರ್ಕಾರಿ ವಿಮಾನ ಸಂಶೋಧನಾಲಯದ ಮ್ಯಾನ್ಸನ್. ಜೆಟ್ ಎಂಜಿನ್ನಿನ ಭಾಗಗಳಂಥವು ಕಾದು ತಣಿದು, ಕಾದು ತಣಿದು ಏಕೆ ಬಿರುಕು ಬಿಡುತ್ತವೆ ಎಂಬುದು ಆ ಕಾಲದ ತಲೆನೋವಾಗಿತ್ತು. ಇಬ್ಬರೂ ಬೇರೆ ಬೇರೆಯಾಗಿ ಕೆಲಸ ಮಾಡಿ ಒಂದೇ ತೀರ್ಮಾನಕ್ಕೆ ಬಂದರು. ಲೋಹವನ್ನು ಪ್ರತಿ ಸುತ್ತಿನಲ್ಲಿ ಎಷ್ಟು ಎಳೆಯುತ್ತೀರಿ ಎಂಬುದರ ಮೇಲೆ ಅದು ಎಷ್ಟು ಸುತ್ತು ಬಾಳುತ್ತದೆ ಎಂಬುದು ನಿಂತಿದೆ. ಇವತ್ತಿಗೂ ಈ ಸೂತ್ರಕ್ಕೆ ಕಾಫಿನ್-ಮ್ಯಾನ್ಸನ್ ನಿಯಮ ಅಂತಲೇ ಹೆಸರು.

1969ರಲ್ಲಿ ಐಬಿಎಂನ ನಾರಿಸ್ ಮತ್ತು ಲ್ಯಾಂಡ್ಸ್‌ಬರ್ಗ್ ಎಂಬಿಬ್ಬರು ಈ ನಿಯಮವನ್ನು ಚಿಪ್ಪಿನ ಬೆಸುಗೆ ಗುಂಡಿಗೆ ಹೊಂದಿಸಿದರು. ಅವರ ಲೆಕ್ಕದ ಪ್ರಕಾರ ಬಿಸಿ-ತಂಪಿನ ಏರಿಳಿತ ಅರ್ಧಕ್ಕೆ ಇಳಿದರೆ ಬೆಸುಗೆಯ ಆಯಸ್ಸು ಮೂರೂವರೆ ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಒಂದು ಚಿಪ್ ದಿನಾ 30ರಿಂದ 90ಕ್ಕೆ ಏರಿ ಇಳಿಯುತ್ತಿದೆ, ಇನ್ನೊಂದು 40ರಿಂದ 70ಕ್ಕೆ ಏರಿ ಇಳಿಯುತ್ತಿದೆ ಎಂದುಕೊಳ್ಳಿ. ಎರಡನೆಯದರ ಬೆಸುಗೆ ಮೊದಲನೆಯದರ ಮೂರ್ನಾಲ್ಕು ಪಟ್ಟು ಕಾಲ ಬಾಳಬಹುದು.

ಅಂದರೆ 90 ಡಿಗ್ರಿ ಎಂಬ ಅಂಕಿ ಒಂದನ್ನೇ ನೋಡಿ ಹೆದರಿದರೆ ಸಾಲದು. ಎಷ್ಟರಿಂದ ಎಷ್ಟಕ್ಕೆ ಏರಿತು, ಎಷ್ಟು ಸಲ ಏರಿತು ಎಂಬುದನ್ನೂ ನೋಡಬೇಕು. ಚಿಪ್ ತಯಾರಕರು ಮೊದಲಿಂದ ಇದನ್ನೇ ಪರೀಕ್ಷಿಸುತ್ತಾ ಬಂದಿದ್ದಾರೆ. ಮಾದರಿ ಚಿಪ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ 125 ಡಿಗ್ರಿ ತನಕ ನೂರಾರು ಸಲ ಏರಿಸಿ ಇಳಿಸುವುದು ಕಾರ್ಖಾನೆಯ ಮಾಮೂಲಿ ಪರೀಕ್ಷೆಗಳಲ್ಲೊಂದು.

ಬರೀ ಬಿಸಿಯ ಸಮಸ್ಯೆ ಹೇಗೆ ಬಗೆಹರಿಯಿತು

ಹಾಗಾದರೆ ಅತಿ ಬಿಸಿಗೆ ಚಿಪ್ ಸುಡುವುದೇ ಇಲ್ಲವೇ? ಒಂದು ಕಾಲದಲ್ಲಿ ಸುಡುತ್ತಿತ್ತು. 2001ರ ಸೆಪ್ಟೆಂಬರಿನಲ್ಲಿ ಟಾಮ್ಸ್ ಹಾರ್ಡ್‌ವೇರ್ ಎಂಬ ವೆಬ್‌ಸೈಟಿನವರು ಒಂದು ವಿಡಿಯೋ ಮಾಡಿದರು. ಕಂಪ್ಯೂಟರ್ ಓಡುತ್ತಿರುವಾಗಲೇ ಪ್ರೊಸೆಸರ್ ಮೇಲಿನ ಲೋಹದ ಕೂಲರ್ ಕಿತ್ತರು. ಇಂಟೆಲ್‌ನ ಪೆಂಟಿಯಂ 4 ತನ್ನ ವೇಗ ತಾನೇ ತಗ್ಗಿಸಿಕೊಂಡು ಕುಂಟುತ್ತಾ ಓಡಿತು. ಎಎಂಡಿ ಕಂಪನಿಯ ಅಥ್ಲಾನ್‌ನಿಂದ ಹೊಗೆ ಬಂತು, ಅಲ್ಲಿಗೆ ಅದರ ಕಥೆ ಮುಗಿಯಿತು. ಆ ಕಾಲದ ಇಂಟರ್ನೆಟ್ಟಿನಲ್ಲಿ ಈ ವಿಡಿಯೋ ದೊಡ್ಡ ಸುದ್ದಿಯಾಯಿತು.

ಮುಂದಿನ ವರ್ಷಗಳಲ್ಲಿ ಎಲ್ಲ ಕಂಪನಿಗಳೂ ಈ ಕಾವಲನ್ನು ಚಿಪ್ಪಿನೊಳಗೇ ಕೂರಿಸಿದವು. ಪ್ರೊಸೆಸರ್ ಆಗಲಿ, ಗ್ರಾಫಿಕ್ಸ್ ಚಿಪ್ ಆಗಲಿ, ಒಳಗೇ ಇರುವ ಸೆನ್ಸರ್ ಬಿಸಿ ಅಳೆಯುತ್ತದೆ. ಮಿತಿ ಹತ್ತಿರ ಬಂದರೆ ವೇಗ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಯಂತ್ರವೇ ಆರುತ್ತದೆ. ನಿಮ್ಮ ಕೈಯಲ್ಲಿರುವ ಫೋನೂ ಬಿಸಿಲಿನಲ್ಲಿ ನಿಧಾನವಾಗುವುದು ಇದೇ ಕಾರಣಕ್ಕೆ. ಹೀಗಾಗಿ ಇವತ್ತಿನ ಲ್ಯಾಪ್‌ಟಾಪಿಗೆ ಒಂದು ಸಲ ಪರೀಕ್ಷೆ ಹಾಕಿದ ಕೂಡಲೇ ಚಿಪ್ ಸುಟ್ಟುಹೋಗುವುದು ತೀರಾ ಅಪರೂಪ.

ಆದರೆ ಏರಿಳಿತದಿಂದ ಬೆಸುಗೆ ಸವೆಯುವುದನ್ನು ಈ ಕಾವಲು ತಡೆಯಲಿಲ್ಲ. ಅದು ಎಷ್ಟು ದುಬಾರಿ ಎಂದು ಜಗತ್ತಿಗೆ ಗೊತ್ತಾಗಿದ್ದು ಮುಂದಿನ ಎರಡು ಪ್ರಸಂಗಗಳಿಂದ.

ಟವೆಲ್ ಸುತ್ತಿದ ಆಟದ ಪೆಟ್ಟಿಗೆ

2005ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿ ಎಕ್ಸ್‌ಬಾಕ್ಸ್ 360 ಎಂಬ ಆಟದ ಪೆಟ್ಟಿಗೆ ಬಿಡುಗಡೆ ಮಾಡಿತು. ಸ್ವಲ್ಪ ಕಾಲಕ್ಕೇ ಪೆಟ್ಟಿಗೆಗಳು ಕೆಡತೊಡಗಿದವು. ಮುಂದಿನ ಗುಂಡಿಯ ಸುತ್ತ ಕೆಂಪು ದೀಪ ಮಿಣುಕಿದರೆ ಮುಗೀತು. 2007ರ ಜುಲೈನಲ್ಲಿ ಕಂಪನಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಡುವುದಾಗಿ ಹೇಳಿತು.

ಈ ನಡುವೆ ಬಳಕೆದಾರರು ತಾವೇ ಒಂದು ಉಪಾಯ ಕಂಡುಕೊಂಡಿದ್ದರು. ಕೆಟ್ಟ ಪೆಟ್ಟಿಗೆಗೆ ಟವೆಲ್ ಸುತ್ತಿ, ಗಾಳಿ ಆಡದ ಹಾಗೆ ಮುಚ್ಚಿ, ಆನ್ ಮಾಡಿ ಬಿಡುವುದು. ಒಳಗೆ ವಿಪರೀತ ಬಿಸಿಯಾಗುತ್ತದೆ. ಆಮೇಲೆ ಟವೆಲ್ ತೆಗೆದು ತಣಿಸಿ ಹಾಕಿದರೆ ಕೆಲವು ಪೆಟ್ಟಿಗೆಗಳು ಮತ್ತೆ ಓಡುತ್ತಿದ್ದವು! ಆದರೆ ಆ ಜೀವ ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಬಿಸಿ ಮಾಡಿದರೆ ಸರಿಹೋಗುತ್ತದೆ ಎಂಬ ನಂಬಿಕೆಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಇಲ್ಲಿಂದ.

ನಿಜವಾದ ಕಾರಣವನ್ನು ಕಂಪನಿಯವರು ಬಾಯಿಬಿಟ್ಟು ಹೇಳಿದ್ದು 2021ರ ಕೊನೆಗೆ, ಎಕ್ಸ್‌ಬಾಕ್ಸ್ ಇತಿಹಾಸ ಕುರಿತ ತಮ್ಮದೇ ಸಾಕ್ಷ್ಯಚಿತ್ರದಲ್ಲಿ. ಜನ ಪೆಟ್ಟಿಗೆಯನ್ನು ಆನ್ ಮಾಡುವುದು, ಆಫ್ ಮಾಡುವುದು. ಪ್ರತಿ ಸಲವೂ ಬಿಸಿ, ತಂಪು. ಆ ಎಳೆದಾಟಕ್ಕೆ ಚಿಪ್ಪಿನ ಒಳಗಿನ ಜೋಡಣೆಗಳು ಬಿರುಕು ಬಿಟ್ಟವು ಎಂಬುದು ಅದರ ಸಾರಾಂಶ. ತಂತಿ ಬಗ್ಗಿಸಿ ಮುರಿದ ಕಥೆಯೇ ಇದು.

2008: ಲ್ಯಾಪ್‌ಟಾಪ್‌ಗಳ ಸರದಿ

2008ರ ಜುಲೈ 2ರಂದು ಎನ್‌ವಿಡಿಯಾ ಅಮೆರಿಕದ ಷೇರುಪೇಟೆ ನಿಯಂತ್ರಕರಿಗೆ ಒಂದು ಹೇಳಿಕೆ ಕೊಟ್ಟಿತು. ತನ್ನ ಹಿಂದಿನ ತಲೆಮಾರಿನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳು ಬಳಕೆದಾರರ ಕೈಯಲ್ಲಿ ಮಾಮೂಲಿಗಿಂತ ಹೆಚ್ಚು ಕೆಡುತ್ತಿವೆ, ಚಿಪ್ ಕೂರಿಸಲು ಬಳಸಿದ ಸಾಮಗ್ರಿ ದುರ್ಬಲವಾಗಿತ್ತು ಎಂದಿತು. ವಾರಂಟಿ, ರಿಪೇರಿ ಖರ್ಚಿಗಾಗಿ 15ರಿಂದ 20 ಕೋಟಿ ಡಾಲರ್ ಎತ್ತಿಡುವುದಾಗಿ ಪ್ರಕಟಿಸಿತು. ಲ್ಯಾಪ್‌ಟಾಪಿನ ವಿನ್ಯಾಸವೂ ಇದರಲ್ಲಿ ಪಾತ್ರ ವಹಿಸಿದೆ ಎಂದೂ ಸೇರಿಸಿತು. ಮುಂದಿನ ವರ್ಷಗಳಲ್ಲಿ ಈ ಮೊತ್ತ ಇನ್ನೂ ಏರಿತು.

ಪತ್ರಿಕೋದ್ಯಮ ಓದಿದ ನಮಗೆ ಇಲ್ಲೊಂದು ವಿಷಯ ಹೇಳಲೇಬೇಕು ಅನ್ನಿಸುತ್ತದೆ. ಆ ವರ್ಷ ದಿ ಇನ್‌ಕ್ವೈರರ್ ಎಂಬ ಸುದ್ದಿತಾಣದಲ್ಲಿ ಚಾರ್ಲಿ ಡೆಮರ್ಜಿಯನ್ ಎಂಬ ಪತ್ರಕರ್ತ ಈ ಬಗ್ಗೆ ಸಾಲು ಸಾಲು ವರದಿ ಬರೆದರು. ಬೆಸುಗೆ ಗುಂಡು ಯಾವ ಮಿಶ್ರಲೋಹದ್ದು, ಅಡಿಯ ಅಂಟು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆ, ಮೆತ್ತಗಾದಾಗ ಭಾರ ಯಾರ ಮೇಲೆ ಬೀಳುತ್ತದೆ ಎಂದು ಎಳೆಎಳೆಯಾಗಿ ಬಿಡಿಸಿ ಬರೆದರು. ಕಂಪನಿಯ ಒಂದು ಪುಟದ ಹೇಳಿಕೆಯನ್ನು ಓದುಗರು ಅರ್ಥ ಮಾಡಿಕೊಳ್ಳಲು ಇಂಥ ಬರಹಗಳು ನೆರವಾದವು.

ಲ್ಯಾಪ್‌ಟಾಪ್ ಕಂಪನಿಗಳು ಏನು ಮಾಡಿದವು ನೋಡಿ. ಡೆಲ್ ಕಂಪನಿ ಹಲವು ಮಾಡೆಲ್‌ಗಳಿಗೆ ಬಯಾಸ್ ಅಪ್‌ಡೇಟ್ ಬಿಟ್ಟಿತು. ಅದನ್ನು ಹಾಕಿಕೊಂಡರೆ ಫ್ಯಾನ್ ಮೊದಲಿಗಿಂತ ಹೆಚ್ಚು ಹೊತ್ತು ತಿರುಗುತ್ತಿತ್ತು. ಚಿಪ್ಪಿನ ಬಿಸಿಯ ಏರಿಳಿತ ಕಮ್ಮಿ ಮಾಡುವುದೇ ಉದ್ದೇಶ ಎಂದು ಕಂಪನಿ ಹೇಳಿತು. ಐಬಿಎಂನವರು 1969ರಲ್ಲಿ ಬರೆದ ಸೂತ್ರವೇ 2008ರಲ್ಲಿ ಫ್ಯಾನ್ ಸದ್ದಾಗಿ ಕೇಳಿಸಿತು. ಆದರೆ ಆಗಲೇ ಬಿರುಕು ಬಿಟ್ಟ ಚಿಪ್‌ಗಳನ್ನು ಯಾವ ಅಪ್‌ಡೇಟೂ ಕೂಡಿಸಲಾರದಿತ್ತು.

ಆಪಲ್ ಕಂಪನಿಗೆ ಅದರ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆಯಿಲ್ಲ ಎಂಬ ಭರವಸೆ ಸಿಕ್ಕಿತ್ತಂತೆ. ಆದರೂ ಆಪಲ್ ತಾನೇ ತನಿಖೆ ಮಾಡಿ, 2008ರ ಅಕ್ಟೋಬರಿನಲ್ಲಿ ಜೀಫೋರ್ಸ್ 8600ಎಂ ಜಿಟಿ ಚಿಪ್ ಇರುವ ಕೆಲವು ಮ್ಯಾಕ್‌ಬುಕ್ ಪ್ರೊಗಳಲ್ಲೂ ದೋಷವಿದೆ ಎಂದು ಒಪ್ಪಿತು. ವಾರಂಟಿ ಮುಗಿದಿದ್ದರೂ ಉಚಿತ ರಿಪೇರಿ ಘೋಷಿಸಿತು.

ಗ್ರಾಹಕರು ಅಮೆರಿಕದ ಕೋರ್ಟಿಗೆ ಹೋದರು. 2010ರಲ್ಲಿ ರಾಜಿ ಒಪ್ಪಂದವಾಯಿತು. ಡೆಲ್, ಎಚ್‌ಪಿ, ಆಪಲ್ ಕಂಪನಿಗಳ ಕೆಲವು ಮಾಡೆಲ್ ಇದ್ದವರಿಗೆ ರಿಪೇರಿ ಅಥವಾ ಬದಲಿ ಲ್ಯಾಪ್‌ಟಾಪ್ ಸಿಕ್ಕಿತು. ಎಚ್‌ಪಿ ಗ್ರಾಹಕರಲ್ಲಿ ಹಲವರು ತಮಗೆ ಕೊಟ್ಟ ಬದಲಿ ಯಂತ್ರ ತಮ್ಮ ಹಳೆಯದಕ್ಕಿಂತ ಕೀಳು ದರ್ಜೆಯದು ಎಂದು ಸಿಟ್ಟಾದರು. ಇಷ್ಟಾದರೂ ಕಥೆ ನಿಲ್ಲಲಿಲ್ಲ. 2011ರ ಮ್ಯಾಕ್‌ಬುಕ್ ಪ್ರೊಗಳಲ್ಲಿ ಎಎಂಡಿ ಗ್ರಾಫಿಕ್ಸ್ ಚಿಪ್ ಇತ್ತು, ಅಲ್ಲೂ ಪರದೆ ಕೆಡುವ ದೂರು ಬಂತು. 2015ರ ಫೆಬ್ರವರಿಯಲ್ಲಿ ಆಪಲ್ ಮತ್ತೊಂದು ಉಚಿತ ರಿಪೇರಿ ಯೋಜನೆ ತರಬೇಕಾಯಿತು.

ಓವನ್ನಿನಲ್ಲಿ ಬೇಯಿಸಿದ ಬೋರ್ಡ್

ಈ ವರ್ಷಗಳಲ್ಲೇ ಮನೆಮದ್ದು ಹುಟ್ಟಿಕೊಂಡಿತು. ಸತ್ತ ಬೋರ್ಡನ್ನು ಅಡುಗೆ ಓವನ್ನಿನಲ್ಲಿ ಸುಮಾರು 200 ಡಿಗ್ರಿಗೆ ಹತ್ತು ನಿಮಿಷ ಇಡುವುದು, ಇಲ್ಲವೇ ಚಿಪ್ಪಿಗೆ ಬಿಸಿಗಾಳಿ ಗನ್ ಹಿಡಿಯುವುದು. ಬಿರುಕು ಬಿಟ್ಟ ಬೆಸುಗೆ ಕರಗಿ ಮತ್ತೆ ಕೂಡಿಕೊಳ್ಳುತ್ತದೆ ಎಂಬುದು ವಾದ. ಇದಕ್ಕೆ ರೀಫ್ಲೋ ಅನ್ನುತ್ತಾರೆ. ನಮ್ಮ ಪೇಟೆಗಳಲ್ಲಿ 'ಹೀಟ್ ಕೊಡೋದು' ಅಂತಾರಲ್ಲ, ಅದೇ ಇದು.

ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಹಳೇ ತವರ-ಸೀಸದ ಬೆಸುಗೆ ಕರಗುವುದು 183 ಡಿಗ್ರಿಗೆ. ಸೀಸ ಆರೋಗ್ಯಕ್ಕೆ ಕೆಟ್ಟದ್ದೆಂದು ಯುರೋಪಿನ ಒಕ್ಕೂಟ 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ಸ್‌ನಲ್ಲಿ ಅದರ ಬಳಕೆಯನ್ನು ನಿರ್ಬಂಧಿಸಿತು. ಆಮೇಲೆ ಬಂದ ತವರ-ಬೆಳ್ಳಿ-ತಾಮ್ರದ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು. ಕೆಳಗಿನ ಮಹಡಿಯ ಗುಂಡುಗಳು ಈ ಜಾತಿಯವು. ಮೇಲಿನ ಮಹಡಿಯಲ್ಲಿ, ಅಂದರೆ ಸಿಲಿಕಾನ್ ಬಿಲ್ಲೆಯ ಅಡಿಯಲ್ಲಿ, ಆ ಕಾಲದ ಹಲವು ಚಿಪ್‌ಗಳಿಗೆ ಸೀಸ ಬಹಳ ಹೆಚ್ಚಿರುವ ಬೆಸುಗೆ ಬಳಸುತ್ತಿದ್ದರು. ಅದಕ್ಕೆ ನಿಯಮದಲ್ಲಿ ವಿನಾಯಿತಿ ಇತ್ತು. ಅದು ಕರಗಲು 300 ಡಿಗ್ರಿ ದಾಟಬೇಕು.

200 ಡಿಗ್ರಿಯ ಓವನ್ ಇವೆರಡರಲ್ಲಿ ಯಾವುದನ್ನೂ ಕರಗಿಸುವುದಿಲ್ಲ. ಹಾಗಿದ್ದೂ ಕೆಲವು ಬೋರ್ಡ್‌ಗಳು ಏಕೆ ಎದ್ದವು? ಬಿಸಿಗೆ ಅಂಟು ಮೆತ್ತಗಾಗಿ, ಚಿಪ್ ಸ್ವಲ್ಪ ಬಾಗಿ ನೆಟ್ಟಗಾಗಿ, ಬಿರುಕಿನ ಎರಡು ತುದಿಗಳು ಒಂದಕ್ಕೊಂದು ತಾಗುತ್ತವೆ. ಕರೆಂಟ್ ಹರಿಯುತ್ತದೆ, ಪರದೆ ಬರುತ್ತದೆ. ಆದರೆ ಬಿರುಕು ಬಿರುಕಾಗಿಯೇ ಇದೆ. ಕೆಲವು ದಿನ, ಕೆಲವು ವಾರ, ಅದೃಷ್ಟವಿದ್ದರೆ ಕೆಲವು ತಿಂಗಳು ಓಡಿ ಮತ್ತೆ ಬಾಯಿ ಬಿಡುತ್ತದೆ. ಬೋರ್ಡಿನ ಪ್ಲಾಸ್ಟಿಕ್ ಭಾಗಗಳು, ಕೆಪ್ಯಾಸಿಟರ್‌ಗಳು ಕೂಡ ಈ ಬಿಸಿಯಲ್ಲಿ ಬಾಡುತ್ತವೆ. ಅಡುಗೆ ಮಾಡುವ ಓವನ್ನಿನಲ್ಲಿ ಇಂಥ ಬೋರ್ಡ್ ಇಟ್ಟರೆ ಕೆಟ್ಟ ಹೊಗೆ ಏಳುತ್ತದೆ, ಹಳೇ ಬೋರ್ಡಾದರೆ ಸೀಸವೂ ಇರುತ್ತದೆ. ಆಮೇಲೆ ಅದರಲ್ಲೇ ಮಕ್ಕಳಿಗೆ ಕೇಕ್ ಬೇಯಿಸುವುದು ಬೇಡವೇ ಬೇಡ.

ನಮಗೆ ಕಳವಳವಾಗುವುದು ಇಲ್ಲಿ. ಹೀಟ್ ಕೊಟ್ಟು ಎಬ್ಬಿಸಿದ ಲ್ಯಾಪ್‌ಟಾಪನ್ನು ಮಾಲೀಕರು ತಾವೇ ಬಳಸಿದರೆ ಅದು ಅವರ ಲೆಕ್ಕ. ಎಬ್ಬಿಸಿದ್ದನ್ನು ಹೇಳದೆ ಮಾರಿದರೆ, ಕೊಂಡ ಮನೆಯವರು ಆಗಲೇ ಸತ್ತ ಚಿಪ್ಪಿಗೆ ದುಡ್ಡು ಕೊಟ್ಟಂತಾಯಿತು. ಮೇಜಿನ ಮೇಲೆ ಐದು ನಿಮಿಷ ಹಾಕಿ ತೋರಿಸಿದಾಗ ಅದು ಚೆನ್ನಾಗಿಯೇ ಓಡುತ್ತದೆ. ಹಾಗಾಗಿ ಪರೀಕ್ಷೆ ಬೇಕು.

ರೋಮದ ಕೋಡುಬಳೆ

ಗ್ರಾಫಿಕ್ಸ್ ಚಿಪ್ಪಿನ ಪರೀಕ್ಷೆ ಅಂದರೆ ಹೆಚ್ಚಿನವರಿಗೆ ನೆನಪಾಗುವ ಹೆಸರು ಫರ್‌ಮಾರ್ಕ್. ಪರದೆ ಮೇಲೆ ಮೈತುಂಬ ರೋಮ ಬೆಳೆದ ಕೋಡುಬಳೆಯಂಥ ಒಂದು ಆಕಾರ ತಿರುಗುತ್ತಿರುತ್ತದೆ. ನೋಡಲು ತಮಾಷೆ. ಆದರೆ ಆ ಒಂದೊಂದು ರೋಮವನ್ನೂ ಬಿಡಿಸಲು ಚಿಪ್ ತನ್ನ ಪೂರ್ತಿ ಶಕ್ತಿ ಹಾಕಬೇಕು. ಯಾವ ಆಟವೂ ಕೊಡದಷ್ಟು ಹೊರೆ ಅದು.

ಚಿಪ್ ಕಂಪನಿಗಳಿಗೆ ಇದು ಇಷ್ಟವಾಗಲಿಲ್ಲ. 2008ರಲ್ಲಿ ಎಎಂಡಿಯ ಡ್ರೈವರ್ ಈ ಫೈಲಿನ ಹೆಸರು ಕಂಡ ಕೂಡಲೇ ಕಾರ್ಡಿನ ವೇಗ ತಗ್ಗಿಸುತ್ತಿತ್ತು. ಜನ ಫೈಲಿನ ಹೆಸರನ್ನೇ ಬದಲಿಸಿ ಓಡಿಸಿದರು! 2010ರ ನವೆಂಬರಿನಲ್ಲಿ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 580 ಕಾರ್ಡಿನಲ್ಲಿ ಕರೆಂಟ್ ಅಳೆಯುವ ವ್ಯವಸ್ಥೆಯನ್ನೇ ಇಟ್ಟು, ಇಂಥ ಪರೀಕ್ಷೆ ಓಡಿದರೆ ವೇಗ ಇಳಿಯುವಂತೆ ಮಾಡಿತು. ನಿಜವಾದ ಬಳಕೆಯಲ್ಲಿ ಬಾರದ ಹೊರೆ ಹೊರಿಸಿ ಕಾರ್ಡ್ ಕೆಡಿಸಬೇಡಿ ಎಂಬುದು ಕಂಪನಿಗಳ ಮಾತು. ಅತಿ ಹೊರೆಗೂ ತಡೆದುಕೊಳ್ಳಬೇಕಲ್ಲವೇ ಎಂಬುದು ಬಳಕೆದಾರರ ಮಾತು. ಎರಡರಲ್ಲೂ ಹುರುಳಿದೆ. ಮೇಜಿನ ಕಂಪ್ಯೂಟರಿಗಾದರೆ ದೊಡ್ಡ ಫ್ಯಾನ್ ಇರುತ್ತದೆ, ಗಂಟೆಗಟ್ಟಲೆ ಓಡಿಸುವವರೂ ಇದ್ದಾರೆ. ಲ್ಯಾಪ್‌ಟಾಪಿನ ಫ್ಯಾನ್ ಅಂಗೈಗಿಂತ ಚಿಕ್ಕದು, ಅದೇ ಗಾಳಿ ಪ್ರೊಸೆಸರಿಗೂ ಬೇಕು. ಇಲ್ಲಿ ಪರೀಕ್ಷೆ ಹದವಾಗಿ ಇರಬೇಕು.

ಹಾಗಾದರೆ ಹೇಗೆ ಪರೀಕ್ಷಿಸುವುದು?

ಈ ಇತಿಹಾಸದಿಂದ ನಾವು ಕಲಿತದ್ದನ್ನು ಕ್ರಮವಾಗಿ ಹೇಳುತ್ತೇವೆ.

ಮೊದಲು ಗಾಳಿ ನೋಡಿ. ಗಾಳಿ ಕಿಂಡಿಯಲ್ಲಿ ದೂಳು ಕಟ್ಟಿದ್ದರೆ ಸ್ವಚ್ಛ ಮಾಡಿಸದೆ ಪರೀಕ್ಷೆ ಹಾಕಬೇಡಿ. ಯಂತ್ರ ಗಟ್ಟಿ ಮೇಜಿನ ಮೇಲಿರಲಿ. ಹಾಸಿಗೆ, ದಿಂಬು, ತೊಡೆ ಬೇಡ. ಚಾರ್ಜರ್ ಹಾಕಿರಲಿ, ಬ್ಯಾಟರಿಯಲ್ಲೂ ಚಾರ್ಜ್ ಇರಲಿ. ಪರೀಕ್ಷೆಯ ನಡುವೆ ಕರೆಂಟ್ ಹೋಗಿ ಯಂತ್ರ ಆರಿದರೆ, ಅತಿ ಬಿಸಿಯಿರುವ ಹೊತ್ತಿಗೇ ಫ್ಯಾನೂ ನಿಂತುಹೋಗುತ್ತದೆ.

ಬಿಸಿ ತೋರಿಸುವ ತಂತ್ರಾಂಶ ತೆರೆದಿಟ್ಟುಕೊಳ್ಳಿ. ಜಿಪಿಯು-ಝೆಡ್ ಎಂಬುದು ಉಚಿತ. 2020ರ ನಂತರದ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಕೂಡ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪಿನ ಬಿಸಿ ತೋರಿಸುತ್ತದೆ. ಸುಮ್ಮನಿದ್ದಾಗ ಎಷ್ಟಿದೆ ಎಂದು ಬರೆದುಕೊಳ್ಳಿ. ಏನೂ ಕೆಲಸವಿಲ್ಲದೆ 70 ಡಿಗ್ರಿ ತೋರಿಸುತ್ತಿದ್ದರೆ ಫ್ಯಾನ್ ಅಥವಾ ಚಿಪ್ ಮೇಲಿನ ಪೇಸ್ಟ್ ಕೆಟ್ಟಿರಬಹುದು. ಆಗ ಸ್ಟ್ರೆಸ್ ಟೆಸ್ಟ್ ಹಾಕುವುದೇ ಬೇಡ.

ಒಮ್ಮೆಗೇ ಫರ್‌ಮಾರ್ಕ್‌ಗೆ ಹೋಗಬೇಡಿ. ಮೊದಲು ಒಂದು ದೊಡ್ಡ ವಿಡಿಯೋ, ಆಮೇಲೆ ಒಂದು ಆಟ ಅಥವಾ ಹೆವನ್‌ನಂಥ ಬೆಂಚ್‌ಮಾರ್ಕ್ ಹಾಕಿ ಮೆಲ್ಲಗೆ ಬಿಸಿ ಏರಲಿ. ಆಮೇಲೆ ಬೇಕಿದ್ದರೆ ಫರ್‌ಮಾರ್ಕ್ ಐದರಿಂದ ಹತ್ತು ನಿಮಿಷ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಸಿ 70ರಿಂದ 85ರ ನಡುವೆ ಏರಿ ಒಂದು ಕಡೆ ನಿಲ್ಲುತ್ತದೆ. ನಿಂತರೆ ಒಳ್ಳೆಯ ಲಕ್ಷಣ. ನಿಲ್ಲದೆ ಏರುತ್ತಾ 90 ದಾಟಿದರೆ ನೀವೇ ನಿಲ್ಲಿಸಿ. ನೆನಪಿಡಿ, ಈ ಅಂಕಿ ಕೋಣೆಯ ಸೆಕೆ ಮೇಲೂ ಹೋಗುತ್ತದೆ. ಮೇ ತಿಂಗಳ ರಾಯಚೂರಿನಲ್ಲಿ 40 ಡಿಗ್ರಿ ಗಾಳಿ ಒಳಗೆ ಹೋದರೆ, 25 ಡಿಗ್ರಿಯ ಕೋಣೆಗಿಂತ ಚಿಪ್ ಹೆಚ್ಚುಕಡಿಮೆ 15 ಡಿಗ್ರಿ ಮೇಲೇ ಇರುತ್ತದೆ. ಅಂಥ ಊರಲ್ಲಿ ಬೆಳಗಿನ ಹೊತ್ತು ಪರೀಕ್ಷಿಸಿ.

ಪರದೆ ಮೇಲೆ ಕಣ್ಣಿಡಿ. ಬಣ್ಣದ ಚುಕ್ಕೆ, ಅಡ್ಡಗೆರೆ, ಚೌಕಳಿ, ಪರದೆ ಕಪ್ಪಾಗಿ ಮತ್ತೆ ಬರುವುದು, ಇವು ಕಂಡರೆ ಆ ಲ್ಯಾಪ್‌ಟಾಪ್ ಬಿಟ್ಟುಬಿಡಿ.

ಮುಗಿದ ಮೇಲೆ ತಕ್ಷಣ ಆರಿಸಬೇಡಿ. ಪರೀಕ್ಷೆ ಮುಚ್ಚಿ ಐದು ನಿಮಿಷ ಸುಮ್ಮನೆ ಬಿಟ್ಟರೆ ಫ್ಯಾನ್ ತಿರುಗಿ ಬಿಸಿ ನಿಧಾನ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದಾದ ಮೇಲಿದೆ. ಲ್ಯಾಪ್‌ಟಾಪ್ ಪೂರ್ತಿ ಆರಿಸಿ, ಎರಡು ಮೂರು ಗಂಟೆ, ಸಾಧ್ಯವಾದರೆ ಒಂದು ರಾತ್ರಿ ತಣ್ಣಗಾಗಲು ಬಿಡಿ. ಬೆಳಿಗ್ಗೆ ಮತ್ತೆ ಆನ್ ಮಾಡಿ. ಹೀಟ್ ಕೊಟ್ಟು ಎಬ್ಬಿಸಿದ ಚಿಪ್‌ಗಳು ಬಿಸಿಯಲ್ಲಿ ಚೆನ್ನಾಗಿ ಓಡಿ, ತಣಿದು ಕುಗ್ಗಿದಾಗ ಕೈಕೊಡುವುದುಂಟು. ಇಂಥ ಎರಡು ಮೂರು ಸುತ್ತು ಸಾಕು. ಅನುಮಾನ ತೀರಲಿಲ್ಲ ಅಂತ ದಿನಾ ಇದೇ ಪರೀಕ್ಷೆ ಮಾಡುತ್ತಾ ಕೂತರೆ ನಾವೇ ತಂತಿ ಬಗ್ಗಿಸುತ್ತಾ ಕೂತಂತೆ.

ಹಾಗಾಗಿ ಕೊಳ್ಳುವಾಗ ಅಂಗಡಿಯವರ ಹತ್ತಿರ ಎರಡು ಮಾತು ಕೇಳಿ. 'ಇದರ ಬೋರ್ಡಿಗೆ ಹೀಟ್ ಕೊಟ್ಟಿದೀರಾ?' ಅಂತ ನೇರವಾಗಿ ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿ. ಎರಡನೆಯದು, ವಾಪಸ್ ಕೊಡಲು ಕನಿಷ್ಠ ಮೂರು ದಿನ, ಆದರೆ ಒಂದು ವಾರ ಅವಕಾಶ ಕೇಳಿ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವವರು ಇದಕ್ಕೆ ಒಪ್ಪುತ್ತಾರೆ.

ಇನ್ನು ಮನೆಯಲ್ಲಿರುವ ಲ್ಯಾಪ್‌ಟಾಪಿನ ಚಿಪ್ಪೇ ಹೋಗಿದ್ದರೆ? ಹೀಟ್ ಕೊಡಿಸುವುದನ್ನು ರಿಪೇರಿ ಅಂದುಕೊಳ್ಳಬೇಡಿ. ಒಳಗಿರುವ ಫೋಟೋ, ಪ್ರಾಜೆಕ್ಟ್ ಫೈಲುಗಳನ್ನು ಪೆನ್ ಡ್ರೈವಿಗೆ ತೆಗೆದುಕೊಳ್ಳಲು ಒಂದು ದಿನ ಸಿಕ್ಕರೆ ಸಾಕು ಅನ್ನುವವರು, ಬೋರ್ಡ್ ಕೈಬಿಟ್ಟರೂ ಪರವಾಗಿಲ್ಲ ಎಂದು ತಿಳಿದೇ ಮಾಡಿಸಬಹುದು. ಅದಕ್ಕೂ ಮುಂಚೆ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಬಹಳಷ್ಟು ಸಲ ಫೈಲುಗಳು ಅಷ್ಟರಲ್ಲೇ ಸಿಗುತ್ತವೆ. ಹೊಸ ಚಿಪ್ ಕೂರಿಸುತ್ತೇವೆ ಅಂದವರ ಹತ್ತಿರ ಎಷ್ಟು ತಿಂಗಳು ಗ್ಯಾರಂಟಿ ಅಂತ ಕೇಳಿ. ಒಂದು ವಾರ ಅಂದರೆ ಅವರೂ ಬರೀ ಹೀಟ್ ಕೊಡಲು ಹೊರಟಿರಬಹುದು.